ಸ್ಪಿಲ್ಸ್‌ಬರಿ ಹೇಳಿದ ಮೇಲೆ ಮುಗಿಯಿತೇ?

ಹಳೇಕಡತ

ಮೂವತ್ತೊಂದು ವರ್ಷ ನ್ಯಾಯಾಲಯದ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಅದರಲ್ಲಿ ಹದಿನಾಲ್ಕು ವರ್ಷ ಸೆಷನ್ಸ್ ಕೋರ್ಟಿನಲ್ಲಿ ನ್ಯಾಯಾಧೀಶರ ಪೀಠದ ಕೆಳಗಿನ ಮೇಜಿನಲ್ಲೇ ಕುಳಿತಿದ್ದೆ. ಕೊಲೆ ಮೊಕದ್ದಮೆಗಳಲ್ಲಿ ಸಾಕ್ಷಿ ಹೇಳಲು ಬರುವ ವೈದ್ಯರನ್ನು ಎಷ್ಟು ನೋಡಿದ್ದೇನೋ ಲೆಕ್ಕವಿಲ್ಲ. ಹೆಚ್ಚಿನವರು ಆಸ್ಪತ್ರೆಯಲ್ಲಿ ರೋಗಿಗಳು ಕಾಯುತ್ತಿದ್ದಾರೆ ಎಂಬ ಚಡಪಡಿಕೆಯಲ್ಲೇ ಕಟಕಟೆ ಹತ್ತುತ್ತಿದ್ದರು. ಈ ಗಾಯ ಕೆಳಗೆ ಬಿದ್ದರೂ ಆಗಬಹುದಲ್ಲವೇ ಎಂದರೆ ಆಗಬಹುದು. ದೊಣ್ಣೆಯಿಂದ ಹೊಡೆದರೂ ಆಗಬಹುದಲ್ಲವೇ ಎಂದರೆ ಅದೂ ಆಗಬಹುದು. ಅಡ್ಡಗೋಡೆಯ ಮೇಲೆ ದೀಪ. ಒಬ್ಬರು ಮಾತ್ರ ಹಾಗಿರಲಿಲ್ಲ. ಅವರು ಬಂದು ನಿಂತರೆ ಪಾಟೀಸವಾಲಿಗೆ ಎದ್ದ ವಕೀಲರ ದನಿಯೇ ಇಳಿಯುತ್ತಿತ್ತು. ಅವರು ಹೇಳಿದ್ದು ತಪ್ಪಿರಬಹುದೆಂದು ಆ ಕೊಠಡಿಯಲ್ಲಿ ಯಾರಿಗೂ ಅನ್ನಿಸುತ್ತಿರಲಿಲ್ಲ, ನನಗೂ ಕೂಡ.

ಕಳೆದ ಎರಡು ತಿಂಗಳಿನಿಂದ ಇಂಗ್ಲೆಂಡಿನ ಶವಪರೀಕ್ಷಾ ತಜ್ಞ ಸರ್ ಬರ್ನಾರ್ಡ್ ಸ್ಪಿಲ್ಸ್‌ಬರಿಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೇನೆ. ಓದುತ್ತಾ ಹೋದಂತೆ ಆ ವೈದ್ಯರೇ ಕಣ್ಣಮುಂದೆ ಬಂದರು. 1877ರಲ್ಲಿ ಲೆಮಿಂಗ್ಟನ್ ಸ್ಪಾ ಎಂಬ ಊರಿನಲ್ಲಿ ಹುಟ್ಟಿದವರು ಸ್ಪಿಲ್ಸ್‌ಬರಿ. ಆಕ್ಸ್‌ಫರ್ಡಿನಲ್ಲಿ ಓದಿ, ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಗೆ ಬಂದು, ಎಲ್ಲರೂ ರೋಗಿಗಳ ಕಡೆ ನಡೆದರೆ ಇವರು ಶವಾಗಾರದ ಕಡೆ ನಡೆದರು. ಹೆಂಡತಿಯನ್ನು ಕೊಂದ ಆರೋಪ ಹೊತ್ತ ಕ್ರಿಪ್ಪೆನ್ ಎಂಬವನ 1910ರ ಮೊಕದ್ದಮೆಯಿಂದ ಹೆಸರಾಯಿತು. 1923ರಲ್ಲಿ ಸರ್ ಪದವಿ ಬಂತು. ಜೀವಮಾನದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಮರಣೋತ್ತರ ಪರೀಕ್ಷೆ ಮಾಡಿದರು ಎನ್ನುತ್ತಾರೆ. ಎತ್ತರದ ಆಳು, ರೇಷ್ಮೆ ಟೊಪ್ಪಿಗೆ, ಕೋಟಿನ ಗುಂಡಿಗೆ ಹೂವು. ಪತ್ರಿಕೆಗಳು ಅವರು ರೈಲು ಹತ್ತಿದ್ದನ್ನೂ ಸುದ್ದಿ ಮಾಡುತ್ತಿದ್ದವು. ಅವರು ಹೊರಟರೆಂದರೆ ಅದು ಕೊಲೆಯೇ ಎಂದು ಜನ ತೀರ್ಮಾನಿಸುತ್ತಿದ್ದರಂತೆ.

ಕೇಳಬೇಕೆಂದಿರುವುದು ಇಷ್ಟು: ಇಂಥ ಮನುಷ್ಯ ನ್ಯಾಯಕ್ಕೆ ಒದಗಿದ ಭಾಗ್ಯವೋ, ಅಪಾಯವೋ? ಇಲ್ಲಿ ವೈದ್ಯರೂ ವಕೀಲರೂ ಇದ್ದೀರಿ. ಬೈದರೂ ಸರಿ, ತಿಳಿಸಿ.

ಪುಸ್ತಕಹುಳು

ಭಾಗ್ಯವೇ, ಸಂಶಯ ಬೇಡ. ಸ್ನಾನದ ತೊಟ್ಟಿಯ ವಧುಗಳ ಪ್ರಕರಣವೊಂದೇ ಸಾಕು.

ಜಾರ್ಜ್ ಜೋಸೆಫ್ ಸ್ಮಿತ್ ಎಂಬ ಆಸಾಮಿ ಬೇರೆ ಬೇರೆ ಹೆಸರಿನಲ್ಲಿ ಮದುವೆಯಾಗುತ್ತಿದ್ದ. 1912ರ ಜುಲೈನಲ್ಲಿ ಹರ್ನ್ ಬೇ ಊರಿನಲ್ಲಿ ಬೆಸ್ಸೀ ಮುಂಡಿ, 1913ರ ಡಿಸೆಂಬರಿನಲ್ಲಿ ಬ್ಲ್ಯಾಕ್‌ಪೂಲಿನಲ್ಲಿ ಆಲಿಸ್ ಬರ್ನ್‌ಹ್ಯಾಮ್, 1914ರ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಮಾರ್ಗರೆಟ್ ಲಾಫ್ಟಿ. ಮೂವರೂ ಸ್ನಾನದ ತೊಟ್ಟಿಯಲ್ಲಿ ಸತ್ತರು. ಮೂರೂ ಸಲ ಆಕಸ್ಮಿಕ ಎಂದೇ ಬರೆಯಲಾಯಿತು. ಮೂರನೆಯ ಸಾವಿನ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ಆಲಿಸಳ ತಂದೆ, ಇದು ನನ್ನ ಮಗಳಿಗೆ ಆದಂತೆಯೇ ಇದೆಯಲ್ಲ ಎಂದು ಪೊಲೀಸರಿಗೆ ತಿಳಿಸದೇ ಹೋಗಿದ್ದರೆ ನಾಲ್ಕನೆಯವಳೂ ಇರುತ್ತಿದ್ದಳೇನೋ.

ಬೆಸ್ಸೀಗೆಂದು ಕೊಂಡ ತೊಟ್ಟಿಯ ಬೆಲೆಯನ್ನು ಸ್ಮಿತ್ ಎರಡು ಪೌಂಡಿನಲ್ಲಿ ಅರ್ಧ ಕ್ರೌನ್, ಅಂದರೆ ಪೌಂಡಿನ ಎಂಟನೇ ಒಂದು ಭಾಗದಷ್ಟು, ಚೌಕಾಸಿ ಮಾಡಿ ಇಳಿಸಿದ. ಕೆಲಸವಾದ ಮೇಲೆ ತೊಟ್ಟಿಯನ್ನು ಅಂಗಡಿಗೇ ಹಿಂತಿರುಗಿಸಿದ! ಹೆಂಡತಿಯ ಉಯಿಲಿನಿಂದ ಬರಬೇಕಾದದ್ದು ಎರಡು ಸಾವಿರ ಪೌಂಡಿಗೂ ಮೇಲೆ. ಆದರೂ ತೊಟ್ಟಿಗೆ ದುಡ್ಡು ಬಿಚ್ಚಲು ಮನಸ್ಸಿಲ್ಲ. ಈ ಭಾಗ ಓದಿದಾಗ ನನಗೆ ಕೊಲೆಗಿಂತ ಹೆಚ್ಚು ಮೈ ಜುಂ ಎಂದಿತು.

ಬೆಸ್ಸೀ ಮೂರ್ಛೆರೋಗದಿಂದ ಮುಳುಗಿದಳು ಎಂಬುದು ಮೊದಲ ವೈದ್ಯರ ತೀರ್ಮಾನ. ಸ್ಪಿಲ್ಸ್‌ಬರಿ ಕೇಳಿದ್ದು ಬೇರೆಯೇ ಪ್ರಶ್ನೆ. ಫಿಟ್ಸ್ ಬಂದ ಕೂಡಲೇ ಮೈ ಸೆಟೆದು ಚಾಚಿಕೊಳ್ಳುತ್ತದೆ. ಇಳಿಜಾರಾದ ತೊಟ್ಟಿಯಲ್ಲಿ ಆಗ ತಲೆ ಮೇಲಕ್ಕೆ ತಳ್ಳಲ್ಪಡಬೇಕೇ ಹೊರತು ನೀರೊಳಗೆ ಹೋಗಬಾರದು. ಇವಳ ಕಾಲು ಮಾತ್ರ ನೀರಿನಿಂದ ಹೊರಗೆ ಚಾಚಿತ್ತು, ತಲೆ ಒಳಗಿತ್ತು, ಕೈಯಲ್ಲಿ ಸೋಪು ಹಾಗೇ ಇತ್ತು. ಹಾಗಾದರೆ ಯಾರೋ ಕಾಲು ಹಿಡಿದು ಎಳೆದಿದ್ದಾರೆ. 1915ರ ಆಗಸ್ಟಿನಲ್ಲಿ ಸ್ಮಿತ್‌ಗೆ ಗಲ್ಲಾಯಿತು.

ನಿವೃತ್ತ ಪಿಎಸ್‌ಐ

ಪುಸ್ತಕಹುಳು ಅವರೇ, ಅಲ್ಲಿ ನಮ್ಮ ಇಲಾಖೆಯವರ ಪಾಲೂ ಇದೆ. ತೊಟ್ಟಿಯ ಪ್ರಯೋಗ ಮಾಡಿಸಿದ್ದು ಇನ್‌ಸ್ಪೆಕ್ಟರ್ ಆರ್ಥರ್ ನೀಲ್. ನುರಿತ ಈಜುಗಾರ್ತಿಯೊಬ್ಬಳನ್ನು ತುಂಬಿದ ತೊಟ್ಟಿಯಲ್ಲಿ ಕೂರಿಸಿ, ಮುನ್ಸೂಚನೆ ಕೊಡದೆ ಕಾಲು ಎತ್ತಿ ಎಳೆದರು. ಒದ್ದಾಟವೂ ಇಲ್ಲ, ಕೂಗೂ ಇಲ್ಲ, ತಕ್ಷಣ ಪ್ರಜ್ಞೆ ತಪ್ಪಿತು. ಮತ್ತೆ ಎಚ್ಚರಗೊಳಿಸುವಷ್ಟರಲ್ಲಿ ಎಲ್ಲರಿಗೂ ಜೀವ ಹೋಗಿ ಬಂದಂತಾಯಿತಂತೆ. ಇವತ್ತು ಯಾರಾದರೂ ಹೀಗೆ ಮಾಡಿದರೆ ಮೊದಲು ಅಮಾನತಾಗುವುದು ಇನ್‌ಸ್ಪೆಕ್ಟರೇ.

ಸ್ಪಿಲ್ಸ್‌ಬರಿಗೆ ನಾವು ಪೊಲೀಸರು ಋಣಿಗಳಾಗಿರಬೇಕಾದದ್ದು ಬೇರೆ ಕಾರಣಕ್ಕೆ. 1924ರಲ್ಲಿ ಈಸ್ಟ್‌ಬೋರ್ನ್ ಬಳಿಯ ಕ್ರಂಬಲ್ಸ್ ಎಂಬ ಕಡಲತೀರದ ಬಂಗಲೆಯಲ್ಲಿ ಪ್ಯಾಟ್ರಿಕ್ ಮಹೋನ್ ಎಂಬವನು ಎಮಿಲಿ ಕೇ ಎಂಬವಳನ್ನು ಕೊಂದು, ತುಂಡು ಮಾಡಿ, ಬೇಯಿಸಿ, ಸುಟ್ಟಿದ್ದ. ಸ್ಪಿಲ್ಸ್‌ಬರಿ ಅಲ್ಲಿಗೆ ಹೋದಾಗ ಅಧಿಕಾರಿಯೊಬ್ಬರು ಕೊಳೆತ ಮಾಂಸವನ್ನು ಬರಿಗೈಯಲ್ಲಿ ಎತ್ತಿ ಬಕೆಟ್‌ಗೆ ಹಾಕುತ್ತಿದ್ದರು. ನಿಮಗೆ ಕೈಗವಸು ಇಲ್ಲವೇ ಎಂದು ಇವರು ಕೇಳಿದರು. ಇರಲಿಲ್ಲ. ಯಾವತ್ತೂ ಇದ್ದಿರಲಿಲ್ಲ. ಅದಾದ ಮೇಲೆ ಸ್ಕಾಟ್ಲೆಂಡ್ ಯಾರ್ಡಿನಲ್ಲಿ ಕೊಲೆಯ ಜಾಗಕ್ಕೆ ಒಯ್ಯುವ ಚೀಲ ತಯಾರಾಯಿತು: ರಬ್ಬರ್ ಕೈಗವಸು, ಚಿಮಟ, ಭೂತಗನ್ನಡಿ, ಅಳತೆ ಪಟ್ಟಿ, ದಿಕ್ಸೂಚಿ, ಸಾಕ್ಷ್ಯ ತುಂಬಲು ಲಕೋಟೆಗಳು.

ನಾನು ಕೆಲಸಕ್ಕೆ ಸೇರಿದ್ದು ಅದಾಗಿ ಅರವತ್ತು ವರ್ಷಗಳ ನಂತರ. ನನ್ನ ಮೊದಲ ಯುಡಿಆರ್ (ಅಸ್ವಾಭಾವಿಕ ಸಾವಿನ ಪ್ರಕರಣ), ಬಾವಿಯಲ್ಲಿ ನಾಲ್ಕು ದಿನ ಇದ್ದ ಶವ. ನಮ್ಮ ಹತ್ತಿರ ಇದ್ದದ್ದು ಒಂದು ಗೋಣಿಚೀಲ, ಹಗ್ಗ, ಮೂಗಿಗೆ ಸವರಿಕೊಳ್ಳಲು ನೀಲಗಿರಿ ಎಣ್ಣೆಯ ಸೀಸೆ. ಶವ ಎತ್ತುವವನಿಗೆ ಕುಡಿಯಲು ದುಡ್ಡು ಕೊಟ್ಟರೇನೇ ಬಾವಿಗೆ ಇಳಿಯುತ್ತಿದ್ದ. ಪಂಚರು ಎಂದು ಕರೆತಂದವರು ಗಾಳಿ ಬೀಸುವ ದಿಕ್ಕು ನೋಡಿ ನಿಂತು, ದೂರದಿಂದಲೇ ಮಹಜರಿಗೆ ಸಹಿ ಹಾಕಿದರು. ಚೀಲ ಎಂಬುದನ್ನು ನಾನು ಕಂಡದ್ದು ಆಮೇಲೆ ತರಬೇತಿಯಲ್ಲಿ, ಅದೂ ಚಿತ್ರದಲ್ಲಿ.

ಡಾ. ತುಂಬೆಹೂ

ನಾನು ವಿಧಿವೈದ್ಯಶಾಸ್ತ್ರದಲ್ಲಿ (ಫೊರೆನ್ಸಿಕ್ ಮೆಡಿಸಿನ್) ಎಂ.ಡಿ. ಮಾಡಿ ಈಗ ಪಾಠ ಹೇಳುತ್ತಿರುವವಳು. ವಿದ್ಯಾರ್ಥಿಗಳಿಗೆ ಸ್ಪಿಲ್ಸ್‌ಬರಿಯ ಹೆಸರು ಎರಡು ಸಲ ಹೇಳುತ್ತೇನೆ. ಮೊದಲನೆಯದು ಪಿಎಸ್‌ಐ ಸಾರ್ ಹೇಳಿದ ಕೈಗವಸಿನ ಪಾಠದಲ್ಲಿ. ಎರಡನೆಯದು ಕುತ್ತಿಗೆಯನ್ನು ಹೇಗೆ ಬಿಡಿಸಬಾರದು ಎಂಬ ಪಾಠದಲ್ಲಿ. ಆ ಎರಡನೆಯದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಊಟದ ಹೊತ್ತಾಗಿದ್ದರೆ ಆಮೇಲೆ ಓದಿ.

1929ರ ಅಕ್ಟೋಬರ್ 23ರ ರಾತ್ರಿ, ಮಾರ್ಗೇಟ್ ಊರಿನ ಹೋಟೆಲೊಂದರಲ್ಲಿ ರೋಸಲೈನ್ ಫಾಕ್ಸ್ ಎಂಬ ವೃದ್ಧೆಯ ಕೋಣೆಗೆ ಬೆಂಕಿ ಬಿತ್ತು. ಮಗ ಸಿಡ್ನಿ ಫಾಕ್ಸ್ ಓಡಿ ಬಂದು ಕೂಗಿದ. ಹೊಗೆಯಿಂದ ಸತ್ತಳು ಎಂದುಕೊಂಡು ಹೂಳಿದರು. ಆಮೇಲೆ ತಿಳಿಯಿತು: ಅವಳ ಅಪಘಾತ ವಿಮೆಯ ಅವಧಿ ಅದೇ ಮಧ್ಯರಾತ್ರಿಗೆ ಮುಗಿಯುವುದಿತ್ತು. ಶವವನ್ನು ಹೊರತೆಗೆದು ಸ್ಪಿಲ್ಸ್‌ಬರಿ ನೋಡಿದರು. ಶ್ವಾಸನಾಳದಲ್ಲಿ ಮಸಿ ಇಲ್ಲ, ರಕ್ತದಲ್ಲಿ ಕಾರ್ಬನ್ ಮಾನಾಕ್ಸೈಡ್ ಇಲ್ಲ. ಹಾಗಾದರೆ ಹೊಗೆ ಏಳುವ ಮೊದಲೇ ಉಸಿರು ನಿಂತಿತ್ತು. ಇಲ್ಲಿಯವರೆಗೆ ಅಪ್ಪಟ ಕೆಲಸ. ಸುಟ್ಟ ಶವ ಬಂದರೆ ಇವತ್ತಿಗೂ ನಾವು ಮೊದಲು ನೋಡುವುದು ಅದನ್ನೇ. ಶ್ವಾಸನಾಳವನ್ನು ಕತ್ತರಿಯಿಂದ ಉದ್ದಕ್ಕೆ ಸೀಳಿದಾಗ, ಬದುಕಿದ್ದಾಗ ಹೊಗೆ ಕುಡಿದವರಲ್ಲಿ ಒಳಗೋಡೆಗೆ ಸಿಂಬಳದೊಂದಿಗೆ ಅಂಟಿದ ಮಸಿ ಕಾಣುತ್ತದೆ. ಎಣ್ಣೆದೀಪದ ಕಾಡಿಗೆಯಂತೆ ಕೈಗವಸಿನ ಬೆರಳಿಗೆ ಹತ್ತುತ್ತದೆ. ಸತ್ತ ಮೇಲೆ ಬೆಂಕಿ ಹಚ್ಚಿದ್ದರೆ ಸಾಮಾನ್ಯವಾಗಿ ಒಳಗೆ ಸ್ವಚ್ಛ.

ತೊಂದರೆ ಅದರ ಮುಂದಿನ ಹೆಜ್ಜೆಯಲ್ಲಿ. ಧ್ವನಿಪೆಟ್ಟಿಗೆಯ ಹಿಂಭಾಗದಲ್ಲಿ ಅರ್ಧ ಕ್ರೌನ್ ನಾಣ್ಯದಷ್ಟು ಅಗಲದ ರಕ್ತಗಟ್ಟಿದ ಕಲೆಯನ್ನು ತಾವು ಕಂಡಿದ್ದಾಗಿ, ಅದರಿಂದ ಕುತ್ತಿಗೆ ಹಿಸುಕಿದ್ದು ಖಚಿತವೆಂದು ಸ್ಪಿಲ್ಸ್‌ಬರಿ ಹೇಳಿದರು. ಅದರ ತುಣುಕು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿರಲಿಲ್ಲ. ಎಡಿನ್‌ಬರೋದ ಸಿಡ್ನಿ ಸ್ಮಿತ್ ಮತ್ತು ರಾಬರ್ಟ್ ಬ್ರಾಂಟೆ ಎಂಬ ಶವಪರೀಕ್ಷಾ ತಜ್ಞರು ಆರೋಪಿಯ ಪರವಾಗಿ ಬಂದು ಅದೇ ಧ್ವನಿಪೆಟ್ಟಿಗೆಯನ್ನು ನೋಡಿದಾಗ ಕಲೆಯೇ ಇಲ್ಲ! ಅದು ಕೊಳೆಯುವಿಕೆಯ ಬಣ್ಣವಾಗಿದ್ದಿರಬಹುದಲ್ಲ ಎಂದು ಸ್ಮಿತ್ ಕೇಳಿದರು. ಅಲ್ಲ, ನಾನು ನೋಡಿದ್ದೇನೆ, ನೀವು ನೋಡುವಷ್ಟರಲ್ಲಿ ಅದು ಅಳಿಸಿಹೋಗಿದೆ ಎಂಬುದು ಸ್ಪಿಲ್ಸ್‌ಬರಿಯ ಉತ್ತರ. ವಯಸ್ಸಾದವರಲ್ಲಿ ಕುತ್ತಿಗೆ ಹಿಸುಕಿದರೆ ಸುಲಭವಾಗಿ ಮುರಿಯುವ ಹಯಾಯ್ಡ್ ಮೂಳೆಯೂ ಆ ಶವದಲ್ಲಿ ಮುರಿದಿರಲಿಲ್ಲ. ಫಾಕ್ಸ್‌ಗೆ 1930ರ ಏಪ್ರಿಲಿನಲ್ಲಿ ಗಲ್ಲಾಯಿತು.

ಈಗ ಕೇಳಿ. 1951ರಲ್ಲಿ ದಕ್ಷಿಣ ಆಫ್ರಿಕಾದ ಪ್ರಿನ್ಸ್‌ಲೂ ಮತ್ತು ಗಾರ್ಡನ್ ಎಂಬ ಇಬ್ಬರು ತೋರಿಸಿದ್ದು: ಕುತ್ತಿಗೆಯ ರಕ್ತನಾಳಗಳಲ್ಲಿ ರಕ್ತ ತುಂಬಿಕೊಂಡಿರುವಾಗಲೇ ಅಂಗಗಳನ್ನು ಬಿಡಿಸಿದರೆ, ರಕ್ತ ಸೋರಿ ಧ್ವನಿಪೆಟ್ಟಿಗೆಯ ಹಿಂದೆ ಥೇಟ್ ಏಟಿನ ಕಲೆಯಂತೆಯೇ ನಿಲ್ಲುತ್ತದೆ. ಬದುಕಿದ್ದಾಗ ಆದ ಏಟಲ್ಲ, ನಮ್ಮ ಚಾಕುವಿನಿಂದಲೇ ಆದದ್ದು. ಅದಕ್ಕೇ ಈಗ ತಲೆ ಮತ್ತು ಎದೆಯನ್ನು ಮೊದಲು ತೆರೆದು, ರಕ್ತ ಬಸಿಯಲು ಬಿಟ್ಟು, ಕುತ್ತಿಗೆಯನ್ನು ಕೊನೆಗೆ ಪದರ ಪದರವಾಗಿ ಬಿಡಿಸುತ್ತೇವೆ. ಸ್ಪಿಲ್ಸ್‌ಬರಿ ಕಂಡದ್ದು ಅದನ್ನೇ ಎಂದು ನಾನು ಆಣೆ ಮಾಡಲಾರೆ. ತುಣುಕು ಬಾಟಲಿಯಲ್ಲಿ ಇದ್ದಿದ್ದರೆ ಯಾರಾದರೂ ಹೇಳಬಹುದಿತ್ತು.

ನನ್ನದೇ ಒಂದು ಪ್ರಸಂಗ. ಮೊದಲ ವರ್ಷದ ಸ್ನಾತಕೋತ್ತರ ವಿದ್ಯಾರ್ಥಿನಿಯಾಗಿದ್ದಾಗ ಕುತ್ತಿಗೆಯ ಸ್ನಾಯುವಿನಲ್ಲಿ ಕಪ್ಪು ಮಚ್ಚೆಯೊಂದನ್ನು ಕಂಡು, ಇದು ಹಿಸುಕಿದ್ದೇ ಎಂದು ಗಟ್ಟಿಯಾಗಿ ಹೇಳಿಬಿಟ್ಟೆ. ಪಕ್ಕದಲ್ಲಿ ಪೊಲೀಸ್ ಪೇದೆ ನಿಂತಿದ್ದ. ನಮ್ಮ ಮೇಡಂ ಅವನನ್ನು ಚಹಾ ಕುಡಿದು ಬಾ ಎಂದು ಹೊರಗೆ ಕಳುಹಿಸಿ, ನನ್ನ ಕಡೆ ತಿರುಗಿ, "ಮೊದಲು ಬಾಟಲಿ, ಆಮೇಲೆ ಬಾಯಿ" ಎಂದರು. ತುಣುಕು ಅದನ್ನು ಕೆಡದಂತೆ ಕಾಪಾಡುವ ಫಾರ್ಮಲಿನ್ ದ್ರಾವಣದ ಬಾಟಲಿಗೆ ಹೋಯಿತು. ಹತ್ತು ದಿನಗಳ ನಂತರ ವರದಿ ಬಂತು: ಬರೀ ರಕ್ತ ಇಳಿದು ನಿಂತದ್ದು, ಏಟಲ್ಲ.

ಪುಸ್ತಕಹುಳು

ಡಾಕ್ಟರೇ, ಒಪ್ಪಿದೆ. ಆದರೆ ಫಾಕ್ಸ್ ಎಂಥವನು? ತಾಯಿಯ ವಿಮೆ ಮುಗಿಯಲು ಇಪ್ಪತ್ತು ನಿಮಿಷವಿದ್ದಾಗ ಬೆಂಕಿ ಬಿದ್ದಿದೆ. ಕೋಣೆಯ ಬಾಗಿಲನ್ನು ತಾನೇ ಮುಚ್ಚಿ ಬಂದೆ, ಹೊಗೆ ಹರಡಬಾರದೆಂದು, ಎಂದು ಅವನೇ ಕೋರ್ಟಿನಲ್ಲಿ ಹೇಳಿದ. ಒಳಗೆ ತಾಯಿ ಇದ್ದಾಳೆ! ಇವನಿಗಾಗಿ ನಾವು ಕಣ್ಣೀರು ಹಾಕಬೇಕೇ?

ಕರಿಕೋಟು

ಕಣ್ಣೀರು ಬೇಡ, ಪುಸ್ತಕಹುಳು. ಆ ಬಾಗಿಲಿನ ಉತ್ತರವೇ ಅವನನ್ನು ಗಲ್ಲಿಗೆ ಕಳುಹಿಸಿತು ಎಂದು ನಾನೂ ನಂಬುತ್ತೇನೆ. ಆದರೆ ಹಾಗಿದ್ದರೆ ಕಲೆ ಯಾಕೆ ಬೇಕಿತ್ತು? ಕೆಟ್ಟ ಸಾಕ್ಷ್ಯ ಕೆಟ್ಟ ಮನುಷ್ಯನ ವಿರುದ್ಧ ಬಂದಾಗ ಯಾರೂ ಪ್ರಶ್ನಿಸುವುದಿಲ್ಲ. ಆಮೇಲೆ ಅದೇ ಸಾಕ್ಷ್ಯ ಅಭ್ಯಾಸವಾಗಿಬಿಡುತ್ತದೆ.

ವಕೀಲನಾಗಿ ನನ್ನ ಲೆಕ್ಕ ಹೀಗೆ. ಕ್ರಿಪ್ಪೆನ್ ಪ್ರಕರಣವನ್ನೇ ತೆಗೆದುಕೊಳ್ಳಿ. ನೆಲಮಾಳಿಗೆಯಲ್ಲಿ ತಲೆಯಿಲ್ಲದ, ಕೈಕಾಲಿಲ್ಲದ, ಮೂಳೆಯೇ ಇಲ್ಲದ ಮಾಂಸದ ಮುದ್ದೆ ಸಿಕ್ಕಿತು. ಅದು ಕ್ರಿಪ್ಪೆನ್ನನ ಹೆಂಡತಿ ಕೋರಾಳದೇ ಎಂದು ತೋರಿಸಲು ಸ್ಪಿಲ್ಸ್‌ಬರಿ ಚರ್ಮದ ತುಂಡೊಂದರ ಮೇಲಿನ ಗೆರೆಯನ್ನು ಶಸ್ತ್ರಚಿಕಿತ್ಸೆಯ ಗಾಯದ ಗುರುತು ಎಂದರು. ಕೋರಾಳಿಗೆ ಕಿಬ್ಬೊಟ್ಟೆಯ ಶಸ್ತ್ರಚಿಕಿತ್ಸೆ ಆಗಿತ್ತು. ಅದು ಚರ್ಮದ ಮಡಿಕೆ ಅಷ್ಟೇ ಎಂದರು ಎದುರು ಪಕ್ಷದ ವೈದ್ಯರು. ಪಕ್ಕದ ಕೋಣೆಯಲ್ಲಿ ಸೂಕ್ಷ್ಮದರ್ಶಕ ಇಟ್ಟು ಜ್ಯೂರಿಯವರಿಗೇ, ಅಂದರೆ ತೀರ್ಪು ಹೇಳಲು ಕೂರಿಸಿದ ಸಾಮಾನ್ಯ ನಾಗರಿಕರಿಗೇ, ತೋರಿಸಲಾಯಿತು. ಜೀವಮಾನದಲ್ಲಿ ಮೊದಲ ಸಲ ಆ ಕೊಳವೆಯಲ್ಲಿ ಇಣುಕುವ ವ್ಯಾಪಾರಿಗೆ ಅಲ್ಲಿ ಗಾಯ ಕಂಡಿತೋ, ಸ್ಪಿಲ್ಸ್‌ಬರಿಯ ಆತ್ಮವಿಶ್ವಾಸ ಕಂಡಿತೋ?

ಇದೇ ಮೊಕದ್ದಮೆಯಲ್ಲಿ ನನಗೆ ತುಂಬಾ ಮೆಚ್ಚುಗೆಯಾದ ಸಾಕ್ಷ್ಯ ಇನ್ನೊಂದಿದೆ, ಅದರ ಸುದ್ದಿ ಯಾರೂ ಎತ್ತುವುದಿಲ್ಲ. ಮಾಂಸದ ಜೊತೆ ಪೈಜಾಮ ಅಂಗಿಯ ತುಂಡು ಸಿಕ್ಕಿತ್ತು. ಕಾಲರಿನ ಚೀಟಿಯಲ್ಲಿ ಜೋನ್ಸ್ ಬ್ರದರ್ಸ್ ಲಿಮಿಟೆಡ್ ಎಂದಿತ್ತು. ಆ ಅಂಗಡಿ ಲಿಮಿಟೆಡ್ ಕಂಪನಿಯಾದದ್ದು 1906ರಲ್ಲಿ. ಕ್ರಿಪ್ಪೆನ್ ದಂಪತಿ ಆ ಮನೆಗೆ ಬಂದದ್ದು 1905ರಲ್ಲಿ. ಅಂದರೆ ಹೆಣ ಹೂತದ್ದು ಅವರು ಬಂದ ಮೇಲೆಯೇ. ಒಂದು ಪದ, ಲಿಮಿಟೆಡ್! ಇದಕ್ಕೆ ಸರ್ ಪದವಿಯೂ ಬೇಡ, ಟೊಪ್ಪಿಗೆಯೂ ಬೇಡ. ಯಾರು ಬೇಕಾದರೂ ಅಂಗಡಿಗೆ ಹೋಗಿ ತಾಳೆ ನೋಡಬಹುದು.

ಜ್ಯೂರಿ ಇಪ್ಪತ್ತೇಳು ನಿಮಿಷಗಳಲ್ಲಿ ಹೊರಬಂತು. 1910ರ ನವೆಂಬರ್ 23ರಂದು ಗಲ್ಲು.

ಲಂಡನ್ನಿಂದ

ಕರಿಕೋಟು ಅವರು ಪೈಜಾಮದಲ್ಲೇ ನಿಲ್ಲಿಸಿದ್ದಾರೆ, ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಆ ಗಾಯದ ಗುರುತನ್ನು ಸೂಕ್ಷ್ಮದರ್ಶಕದಲ್ಲಿ ನೋಡಲು ಮಾಡಿದ ಗಾಜಿನ ಪಟ್ಟಿ ಇಲ್ಲಿಯ ರಾಯಲ್ ಲಂಡನ್ ಆಸ್ಪತ್ರೆಯ ಸಂಗ್ರಹದಲ್ಲಿ ನೂರು ವರ್ಷ ಉಳಿದಿತ್ತು. ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಡೇವಿಡ್ ಫೋರಾನ್ ತಂಡ ಅದರಿಂದ ಡಿಎನ್ಎ ತೆಗೆದು, ಕೋರಾಳ ತಾಯಿಯ ಕಡೆಯ ಸಂಬಂಧಿಕರ ಡಿಎನ್ಎ ಜೊತೆ ಹೋಲಿಸಿತು. 2007ರಲ್ಲಿ ಸುದ್ದಿಯಾಯಿತು: ಹೊಂದಾಣಿಕೆಯಿಲ್ಲ. ಅಷ್ಟೇ ಅಲ್ಲ, ಅದು ಗಂಡಸಿನ ದೇಹದ್ದು! ಒಪ್ಪದವರೂ ಇದ್ದಾರೆ. ಶತಮಾನದಿಂದ ಹಲವರ ಕೈ ದಾಟಿದ ಪಟ್ಟಿ, ಮೇಲಾಗಿ ವಂಶಾವಳಿ ಸರಿಯಿದೆಯೇ ಎಂಬ ಪ್ರಶ್ನೆ. ಜಗಳ ಇನ್ನೂ ನಡೆದಿದೆ.

ನಾನು ಒಂದು ಭಾನುವಾರ ಆ ಹಿಲ್‌ಡ್ರಾಪ್ ಕ್ರೆಸೆಂಟ್ ಬೀದಿಗೆ ಹೋಗಿದ್ದೆ. 39ನೇ ನಂಬರಿನ ಮನೆ ಇಲ್ಲ, ಯುದ್ಧದ ಬಾಂಬಿಗೆ ಹೋಯಿತು. ಅಲ್ಲೀಗ ಮಾರ್ಗರೆಟ್ ಬಾಂಡ್‌ಫೀಲ್ಡ್ ಹೌಸ್ ಎಂಬ ವಸತಿ ಕಟ್ಟಡವಿದೆ. ಬಾಲ್ಕನಿಯಲ್ಲಿ ಯಾರೋ ಬಟ್ಟೆ ಒಣಗಿಸಿದ್ದರು. ನೆಲಮಾಳಿಗೆ ಎಲ್ಲಿತ್ತು ಎಂದು ಹುಡುಕುತ್ತಾ ನಿಂತಿದ್ದ ನನ್ನನ್ನು ಮಗುವೊಂದು ಅನುಮಾನದಿಂದ ನೋಡಿತು, ಹಿಂತಿರುಗಿ ಬಂದೆ.

ಡಾ. ತುಂಬೆಹೂ

ಲಂಡನ್ ಸಾರ್, ನೀವು ಹೇಳಿದ್ದರಲ್ಲಿ ನನಗೆ ಮುಖ್ಯವಾದದ್ದು ಅದು ಗಂಡಸಿನದೋ ಹೆಂಗಸಿನದೋ ಎಂಬುದಲ್ಲ. ಪಟ್ಟಿ ಉಳಿದಿತ್ತು, ಆದ್ದರಿಂದ ನೂರು ವರ್ಷಗಳ ನಂತರವೂ ಪ್ರಶ್ನೆ ಕೇಳಲು ಸಾಧ್ಯವಾಯಿತು. ಕ್ರಿಪ್ಪೆನ್ ಕಾಲದ ಸ್ಪಿಲ್ಸ್‌ಬರಿ ಮೂವತ್ತಮೂರರ ತರುಣ, ಪಕ್ಕದಲ್ಲಿ ಹಿರಿಯರಾದ ಪೆಪ್ಪರ್ ಇದ್ದರು, ವಿಷ ಪತ್ತೆ ಮಾಡಿದ ವಿಲ್‌ಕಾಕ್ಸ್ ಇದ್ದರು. ಗಾಜಿನ ಪಟ್ಟಿ ಮಾಡಿ ತೋರಿಸಿದರು. ಹೆಸರು ಬೆಳೆದಂತೆ ಪಟ್ಟಿ ಅನಗತ್ಯವಾಯಿತು, ನಾನು ನೋಡಿದ್ದೇನೆ ಎಂಬುದೇ ಸಾಕಾಯಿತು. ಈ ಇಳಿಜಾರು ಥಾರ್ನ್ ಪ್ರಕರಣದಲ್ಲಿ ಚೆನ್ನಾಗಿ ಕಾಣುತ್ತದೆ. ಕರಿಕೋಟು ಅವರೇ, ನೀವೇ ಬರೆಯಿರಿ, ನನಗೆ ಕ್ಲಾಸಿದೆ.

ಕರಿಕೋಟು

ಅಪ್ಪಣೆ.

ನಾರ್ಮನ್ ಥಾರ್ನ್, ಸಸೆಕ್ಸ್‌ನ ಕ್ರೋಬರೋದಲ್ಲಿ ಕೋಳಿ ಸಾಕುತ್ತಿದ್ದವನು. ಎಲ್ಸಿ ಕ್ಯಾಮೆರನ್ ಅವನ ಜೊತೆ ಮದುವೆ ನಿಶ್ಚಯವಾಗಿದ್ದ ಹುಡುಗಿ. 1924ರ ಡಿಸೆಂಬರ್ 5ರಂದು ಲಂಡನ್ನಿನಿಂದ ಅವನ ಬಳಿಗೆ ಹೊರಟವಳು ಮತ್ತೆ ಕಾಣಲಿಲ್ಲ. ಜನವರಿಯಲ್ಲಿ ಕೋಳಿಗಳ ಅಂಗಳ ಅಗೆದಾಗ ತುಂಡುಗಳಾದ ಶವ ಸಿಕ್ಕಿತು, ತಲೆ ಒಂದು ಡಬ್ಬಿಯಲ್ಲಿತ್ತು. ಥಾರ್ನ್ ಹೇಳಿದ್ದು: ನಾನು ಹೊರಗೆ ಹೋಗಿ ಬಂದಾಗ ಅವಳು ಬಟ್ಟೆ ಒಣಗಿಸುವ ಹಗ್ಗದಿಂದ ತೊಲೆಗೆ ನೇತಾಡುತ್ತಿದ್ದಳು, ಹೆದರಿ ಕತ್ತರಿಸಿ ಹೂತೆ.

ಸ್ಪಿಲ್ಸ್‌ಬರಿ ಕುತ್ತಿಗೆಯಲ್ಲಿ ಹಗ್ಗದ ಗುರುತಿಲ್ಲ, ಏಟಿನಿಂದ ಸತ್ತಿದ್ದಾಳೆ ಎಂದರು. ಕುತ್ತಿಗೆಯ ಚರ್ಮವನ್ನು ಸೂಕ್ಷ್ಮದರ್ಶಕಕ್ಕೆ ಒಡ್ಡಲಿಲ್ಲ, ಕಣ್ಣಿಗೇ ಕಾಣುತ್ತದೆ, ಅಗತ್ಯವಿಲ್ಲ ಎಂದರು. ಸುಮಾರು ಒಂದು ತಿಂಗಳ ನಂತರ ಶವವನ್ನು ಮತ್ತೆ ಹೊರತೆಗೆದು ಬ್ರಾಂಟೆ ಚರ್ಮದ ತುಣುಕು ತೆಗೆದು ನೋಡಿ, ಹಗ್ಗದ ಒತ್ತಡದ ಚಿಹ್ನೆಗಳಿವೆ ಎಂದರು. ಅವರ ಬೆನ್ನಿಗೆ ಇನ್ನೂ ಹಲವು ವೈದ್ಯರು ನಿಂತರು. ಆದರೆ ನ್ಯಾಯಾಧೀಶರು ಜ್ಯೂರಿಗೆ ಹೇಳಿದ್ದೇನು ಗೊತ್ತೇ? ಸಿಗಬಹುದಾದ ಅಭಿಪ್ರಾಯಗಳಲ್ಲೆಲ್ಲ ಸ್ಪಿಲ್ಸ್‌ಬರಿಯದೇ ಅತ್ಯುತ್ತಮ ಎಂದು! ಅರ್ಧ ಗಂಟೆಯೊಳಗೆ ತೀರ್ಪು. ಅದೇ ಕ್ರೋಬರೋದಲ್ಲಿ ವಾಸವಿದ್ದ ಆರ್ಥರ್ ಕಾನನ್ ಡಾಯ್ಲ್ ಕೂಡ ಸಂಶಯ ವ್ಯಕ್ತಪಡಿಸಿದರು. 1925ರ ಏಪ್ರಿಲ್ 22ರಂದು ಗಲ್ಲು. ಅದು ಎಲ್ಸಿಯ ಹುಟ್ಟುಹಬ್ಬದ ದಿನ. ತಂದೆಗೆ ಬರೆದ ಪತ್ರದಲ್ಲಿ ಥಾರ್ನ್ ತನ್ನನ್ನು ಸ್ಪಿಲ್ಸ್‌ಬರಿವಾದಕ್ಕೆ ಬಲಿಯಾದವನು ಎಂದು ಕರೆದುಕೊಂಡ. ಒಬ್ಬ ಮನುಷ್ಯನ ಹೆಸರಿಗೆ ವಾದ ಎಂಬ ಬಾಲ ಅಂಟಿತೆಂದರೆ ಅಲ್ಲಿ ವಿಜ್ಞಾನ ನಿಂತು ಮತವೊಂದು ಶುರುವಾಗಿದೆ ಎಂದರ್ಥ.

ನಿವೃತ್ತ ಪಿಎಸ್‌ಐ

ವಕೀಲರು ತಮಗೆ ಬೇಕಾದಷ್ಟೇ ಹೇಳುವುದು ಹೊಸದಲ್ಲ. ತೊಲೆಯ ಬಗ್ಗೆ ಯಾಕೆ ಬರೆಯಲಿಲ್ಲ? ಅವಳು ನೇತಾಡಿದಳು ಎಂದ ತೊಲೆಯ ಮೇಲೆ ಹಗ್ಗದ ಗುರುತಿರಲಿಲ್ಲ, ಧೂಳು ಕದಲಿರಲಿಲ್ಲ. ಭಾರ ತೂಗಿದರೆ ಮರದ ಮೇಲೆ ಗೀರು ಬೀಳಲೇಬೇಕು. ನೇಣಿನ ಪ್ರಕರಣದಲ್ಲಿ ನಾನು ಶವಕ್ಕಿಂತ ಮೊದಲು ಏಣಿ ಹಾಕಿ ತೊಲೆ ನೋಡುತ್ತಿದ್ದೆ. ಆ ತೊಲೆಯೇ ಸಾಕಿತ್ತು.

ಕರಿಕೋಟು

ಸೋತೆ, ಸಾರ್. ತೊಲೆಯ ಮಾತು ನಿಜ. ಥಾರ್ನ್ ಕೊಂದೇ ಇರಬಹುದು. ಆದರೆ ಗಮನಿಸಿ, ನೀವು ಕೊಟ್ಟ ಸಾಕ್ಷ್ಯವೂ ಪೈಜಾಮದ ಜಾತಿಯದೇ. ಏಣಿ ಹಾಕಿ ಯಾರಾದರೂ ನೋಡಬಹುದು.

ನಮ್ಮಲ್ಲಿಯ ಕಾನೂನು ಈ ಅಪಾಯವನ್ನು ಕಂಡಿದೆ. ತಜ್ಞರ ಅಭಿಪ್ರಾಯದ ವಿಷಯ 1872ರ ಸಾಕ್ಷ್ಯ ಅಧಿನಿಯಮದ 45ನೇ ಕಲಮಿನಲ್ಲಿತ್ತು, ಈಗ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಕಲಮು. 1999ರ ಜೈಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ತಜ್ಞ ಘಟನೆಯ ಸಾಕ್ಷಿಯಲ್ಲ, ಅವನ ಮಾತು ಸಲಹೆ ಮಾತ್ರ. ತೀರ್ಮಾನವನ್ನು ಪರಿಶೀಲಿಸಲು ಬೇಕಾದ ವೈಜ್ಞಾನಿಕ ಆಧಾರವನ್ನು ನ್ಯಾಯಾಧೀಶರ ಕೈಗೆ ಕೊಡುವುದು ಅವನ ಕರ್ತವ್ಯ. ಇನ್ನೊಂದು ಕುತೂಹಲ: ಸ್ನಾನದ ತೊಟ್ಟಿ ಪ್ರಕರಣದಲ್ಲಿ ಆರೋಪ ಬೆಸ್ಸೀಯ ಕೊಲೆಯದು ಮಾತ್ರ, ಅದು ಆಕಸ್ಮಿಕವಲ್ಲ ಎಂದು ತೋರಿಸಲು ಉಳಿದ ಎರಡು ಸಾವುಗಳ ಸಾಕ್ಷ್ಯಕ್ಕೂ ಅವಕಾಶ ಕೊಟ್ಟರು. ಅದೇ ತತ್ವ ನಮ್ಮ ಹಳೆಯ ಅಧಿನಿಯಮದ 15ನೇ ಕಲಮಿನಲ್ಲಿ ಸ್ಮಿತ್‌ಗಿಂತ ನಾಲ್ಕು ದಶಕ ಮೊದಲೇ ಇತ್ತು. ಅಲ್ಲಿನ ದೃಷ್ಟಾಂತ ನೋಡಿ: ಒಬ್ಬನು ಒಂದಾದ ಮೇಲೊಂದು ಮನೆಯಲ್ಲಿ ವಾಸಿಸುತ್ತಾನೆ, ಪ್ರತಿಯೊಂದಕ್ಕೂ ವಿಮೆ ಮಾಡಿಸುತ್ತಾನೆ, ಪ್ರತಿಯೊಂದಕ್ಕೂ ಬೆಂಕಿ ಬೀಳುತ್ತದೆ.

ಪುಸ್ತಕಹುಳು

ಎಲ್ಲರೂ ಸೇರಿ ಆ ಮನುಷ್ಯನನ್ನು ಮತ್ತೊಮ್ಮೆ ಶವಪರೀಕ್ಷೆ ಮಾಡುತ್ತಿದ್ದೀರಿ. 1943ರ ಸಂಗತಿ ಯಾರೂ ಹೇಳಲಿಲ್ಲ. ಜರ್ಮನರನ್ನು ದಾರಿ ತಪ್ಪಿಸಲು ಬ್ರಿಟಿಷ್ ಗೂಢಚಾರರು ಶವವೊಂದಕ್ಕೆ ಸೇನಾಧಿಕಾರಿಯ ಉಡುಪು ತೊಡಿಸಿ, ಸುಳ್ಳು ಕಾಗದಗಳ ಪೆಟ್ಟಿಗೆ ಕಟ್ಟಿ, ಸ್ಪೇನಿನ ವೆಲ್ವಾ ಬಳಿ ಸಮುದ್ರಕ್ಕೆ ಬಿಟ್ಟರಲ್ಲ, ಆಪರೇಷನ್ ಮಿನ್ಸ್‌ಮೀಟ್. ಯಾವ ಬಗೆಯ ಸಾವಾದರೆ ವಿಮಾನ ಬಿದ್ದು ಸತ್ತಂತೆ ಕಾಣಬಹುದು ಎಂದು ಅವರು ಸಲಹೆ ಕೇಳಿದ್ದು ಸ್ಪಿಲ್ಸ್‌ಬರಿಯನ್ನೇ. ಸ್ಪೇನಿನಲ್ಲಿ ಅದನ್ನು ಪತ್ತೆ ಹಚ್ಚುವಷ್ಟು ಅನುಭವಿ ವೈದ್ಯನಿಲ್ಲ, ಹೆದರಬೇಡಿ ಎಂದರಂತೆ. ಹಾಗೇ ಆಯಿತು.

ಡಾ. ತುಂಬೆಹೂ

ಕ್ಲಾಸ್ ಮುಗಿಸಿ ಬಂದೆ. ಪುಸ್ತಕಹುಳು, ನಿಮ್ಮ ಉದಾಹರಣೆ ನನ್ನ ಪರವಾಗಿಯೇ ಇದೆ! ನನ್ನಂಥವನು ಅಲ್ಲಿಲ್ಲ ಎಂಬ ಅದೇ ಧಾಟಿ. ಆ ಸಲ ಸರಿಯಾಯಿತು, ಅಷ್ಟೇ.

ಆದರೂ ನನಗೆ ಅವರ ಮೇಲೆ ಕೋಪವಿಲ್ಲ. ದುಃಖ ತುಂಬಿದ ಬದುಕು ಅದು. 1940ರಲ್ಲಿ ಶವಪರೀಕ್ಷೆ ಮಾಡುತ್ತಿರುವಾಗಲೇ ಲಕ್ವ ಹೊಡೆಯಿತು. ಅದೇ ವರ್ಷ ವೈದ್ಯನಾಗಿದ್ದ ಮಗ ಪೀಟರ್ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ಮೇಲೆ ಬಿದ್ದ ಬಾಂಬಿಗೆ ಬಲಿಯಾದ. 1945ರಲ್ಲಿ ಇನ್ನೊಬ್ಬ ಮಗ ಅಲನ್ ಕ್ಷಯದಿಂದ ಹೋದ. ಆದರೂ ದಿನವೂ ಶವಾಗಾರಕ್ಕೆ ಹೋಗುತ್ತಿದ್ದರು. 1947ರ ಡಿಸೆಂಬರ್ 17ರ ಸಂಜೆ ಯೂನಿವರ್ಸಿಟಿ ಕಾಲೇಜಿನ ತಮ್ಮ ಪುಟ್ಟ ಪ್ರಯೋಗಾಲಯದಲ್ಲಿ ತಾವೇ ಬದುಕು ಮುಗಿಸಿಕೊಂಡರು.

ಹಿಂದೆ ಬಿಟ್ಟುಹೋದದ್ದೇನು? ಪಠ್ಯಪುಸ್ತಕ ಬರೆಯಲಿಲ್ಲ, ಶಿಷ್ಯರನ್ನು ಬೆಳೆಸಲಿಲ್ಲ, ಜೊತೆಗಾರರನ್ನು ಇಟ್ಟುಕೊಳ್ಳಲಿಲ್ಲ. ಅವರ ನಂತರ ಬಂದ ಕೀತ್ ಸಿಂಪ್ಸನ್ ಪುಸ್ತಕ ಬರೆದರು, ವಿಭಾಗ ಕಟ್ಟಿದರು. ನಾವು ಓದಿದ್ದು ಸಿಂಪ್ಸನ್ನನ್ನು, ಸ್ಪಿಲ್ಸ್‌ಬರಿಯನ್ನಲ್ಲ. ಇದು ಮುಗಿದ ಕಾಲದ ಕಥೆ ಎಂದುಕೊಳ್ಳಬೇಡಿ. ಕೆನಡಾದ ಒಂಟಾರಿಯೊದಲ್ಲಿ ಚಾರ್ಲ್ಸ್ ಸ್ಮಿತ್ ಎಂಬವರು ಮಕ್ಕಳ ಸಾವಿನ ಪ್ರಕರಣಗಳಲ್ಲಿ ಒಂದು ದಶಕಕ್ಕೂ ಹೆಚ್ಚು ಕಾಲ ಎದುರಿಲ್ಲದ ತಜ್ಞರಾಗಿದ್ದರು. ಆಮೇಲೆ ಮರುಪರಿಶೀಲಿಸಿದ 45 ಪ್ರಕರಣಗಳಲ್ಲಿ 20ರಲ್ಲಿ ದೋಷ ಕಂಡಿತು. ಮಗುವನ್ನು ಕಳೆದುಕೊಂಡ ಮನೆಯವರೇ ಜೈಲಿಗೆ ಹೋಗಿದ್ದರು. 2008ರಲ್ಲಿ ಗೌಜ್ ವಿಚಾರಣಾ ಆಯೋಗದ ವರದಿ ಬಂತು.

ಲಂಡನ್ನಿಂದ

ಡಾಕ್ಟರೇ, ಒಂದು ತಿದ್ದುಪಡಿ. ಸ್ಪಿಲ್ಸ್‌ಬರಿ ಏನೂ ಬಿಟ್ಟುಹೋಗಲಿಲ್ಲ ಎನ್ನಲಾಗದು. ಪ್ರತಿ ಶವಕ್ಕೂ ಒಂದು ಕಾರ್ಡ್ ಬರೆಯುತ್ತಿದ್ದರು. ಸಾವಿರಾರು ಕಾರ್ಡುಗಳು ಈಗ ಇಲ್ಲಿಯ ವೆಲ್‌ಕಮ್ ಸಂಗ್ರಹದಲ್ಲಿವೆ. ಅವರು ಸತ್ತ ಪ್ರಯೋಗಾಲಯದಿಂದ ನಡೆದೇ ಹೋಗಬಹುದಾದಷ್ಟು ಹತ್ತಿರ.

ಡಾ. ತುಂಬೆಹೂ

ಕಾರ್ಡಿನಲ್ಲಿ ಇರುವುದು ಅವರು ಕಂಡದ್ದು. ನಾನು ಕೇಳುತ್ತಿರುವುದು ಇನ್ನೊಬ್ಬರು ಕಾಣಬಹುದಾದದ್ದನ್ನು. ಆದರೂ ಒಪ್ಪಿದೆ, ಲಂಡನ್ನಿಗೆ ಬಂದರೆ ಮೊದಲು ಅದನ್ನೇ ನೋಡುತ್ತೇನೆ.

ಕರಿಕೋಟು

ಹಳೇಕಡತ ಸಾರ್, ಬೆಂಕಿ ಹಚ್ಚಿ ನೀವು ಎಲ್ಲಿ ಹೋದಿರಿ? ನಿಮ್ಮ ಆ ವೈದ್ಯರ ಕಥೆ ಅರ್ಧಕ್ಕೇ ನಿಂತಿದೆ.

ಹಳೇಕಡತ

ಇಲ್ಲೇ ಇದ್ದೇನೆ, ಎಲ್ಲವನ್ನೂ ಎರಡೆರಡು ಸಲ ಓದಿದೆ. ಡಾಕ್ಟರ್ ಮೇಡಂ ಬರೆದ ಬಾಟಲಿಯ ಮಾತು ಓದಿದಾಗಿನಿಂದ ಒಂದು ಮಧ್ಯಾಹ್ನ ನೆನಪಾಗುತ್ತಿದೆ.

ಹೆಂಡತಿಯ ಕೊಲೆಯ ಮೊಕದ್ದಮೆ. ಆರೋಪಿಗೆ ವಕೀಲರನ್ನು ಇಡುವ ಶಕ್ತಿಯಿಲ್ಲದೆ ನ್ಯಾಯಾಲಯವೇ ಒಬ್ಬ ಹುಡುಗನನ್ನು ನೇಮಿಸಿತ್ತು. ಸನದು ಬಂದು ಎರಡು ವರ್ಷವೂ ಆಗಿರಲಿಲ್ಲ, ಕೋಟಿನ ತೋಳು ಉದ್ದವಾಗಿತ್ತು. ಆ ವೈದ್ಯರು ಕುತ್ತಿಗೆಯ ಒಳಗಾಯದ ಬಗ್ಗೆ ಹೇಳಿ ಮುಗಿಸಿದರು. ಹಿರಿಯ ವಕೀಲರಾಗಿದ್ದರೆ ಪಾಟೀಸವಾಲು ಇಲ್ಲ ಎಂದು ಕುಳಿತುಬಿಡುತ್ತಿದ್ದರು. ಈ ಹುಡುಗ ಎದ್ದು, ಆ ಭಾಗದ ತುಣುಕನ್ನು ಪರೀಕ್ಷೆಗೆ ಕಳುಹಿಸಿದ್ದೀರಾ ಎಂದು ಕೇಳಿದ. ವೈದ್ಯರು ಕನ್ನಡಕ ತೆಗೆದು ಅವನನ್ನು ನೋಡಿದರು. ಇಲ್ಲ ಎಂದರು. ಯಾಕೆ ಎಂದು ಅವನು ಕೇಳಲಿಲ್ಲ, ಧೈರ್ಯ ಸಾಲಲಿಲ್ಲವೇನೋ. ನ್ಯಾಯಾಧೀಶರು ಹೇಳಿ ಬರೆಸಿದರು, ಬೆರಳಚ್ಚುಗಾರ್ತಿ ಹೊಡೆದಳು: ಸದರಿ ಭಾಗವನ್ನು ಹೆಚ್ಚಿನ ಪರೀಕ್ಷೆಗೆ ಕಳುಹಿಸಿಲ್ಲವೆಂದರೆ ನಿಜ. ವೈದ್ಯರು ಸಹಿ ಹಾಕಿ, ನನಗೆ ತಲೆಯಾಡಿಸಿ ಹೋದರು. ಭತ್ಯೆಯ ಚೀಟಿಯನ್ನು ಮರೆತಿದ್ದರು, ಜವಾನ ಓಡಿ ಕೊಟ್ಟು ಬಂದ.

ಶಿಕ್ಷೆಯಾಯಿತು. ಮೇಲ್ಮನವಿಗೆ ಕಡತ ಹೈಕೋರ್ಟಿಗೆ ಹೋಗುವಾಗ ಪುಟಗಳಿಗೆ ನಂಬರು ಹಾಕಿ ದಾರ ಕಟ್ಟಿದವನು ನಾನೇ. ಆ ಸಾಲು ಇದ್ದ ಪುಟಕ್ಕೂ ನಂಬರು ಹಾಕಿದ್ದೇನೆ, ಓದಲಿಲ್ಲ. ಅಷ್ಟರಲ್ಲಿ ನನಗೆ ಬೇರೆ ನ್ಯಾಯಾಲಯಕ್ಕೆ ವರ್ಗವಾಯಿತು. ಮೇಲ್ಮನವಿ ಏನಾಯಿತೆಂದು ಕೇಳಿ ತಿಳಿಯಬೇಕೆಂದು ಆಗ ಅನ್ನಿಸಲೇ ಇಲ್ಲ.

ಕರಿಕೋಟು

ಮೊಕದ್ದಮೆಯ ನಂಬರು, ಇಸವಿ ನೆನಪಿದೆಯೇ ಸಾರ್? ಇಲ್ಲಿ ಬರೆಯಬೇಡಿ, ನನಗೆ ಪ್ರತ್ಯೇಕವಾಗಿ ಕಳುಹಿಸಿ. ಸೋಮವಾರ ನೋಡುತ್ತೇನೆ.

ಹಳೇಕಡತ

ಇಸವಿ ನೆನಪಿದೆ. ನಂಬರು ಹಳೆಯ ಡೈರಿಯಲ್ಲಿ ಇರಬೇಕು. ಅಟ್ಟ ಹತ್ತಲು ಮೊಮ್ಮಗ ಶಾಲೆಯಿಂದ ಬರಲಿ.